ಚಂದ್ರ ಸೂರ್ಯರಿರುವ ತನಕದ ಮಾತು

ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ, ರಂಗಮಂಟಪದ ಬಳಿ, ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ಶಾಸನ ನಿಂತಿದೆ. 1510ರ ಆರಂಭದ್ದು. ಮಂಟಪ ಕಟ್ಟಿಸಿದ್ದು, ದೇವರ ನೈವೇದ್ಯಕ್ಕೆಂದು ಸಿಂಗಿನಾಯಕನಹಳ್ಳಿಯನ್ನು ಬಿಟ್ಟುಕೊಟ್ಟದ್ದು ಎಲ್ಲವೂ ಅದರಲ್ಲಿದೆ. ಅದೇ ವರ್ಷದ ನವೆಂಬರಿನಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದು ನೆಲೆಯೂರಿದರು. ಅಲ್ಲಿಂದ ಮುಂದೆ ಗೋವೆಯಿಂದ ಹಂಪಿಗೆ ಕುದುರೆಗಳು ಬಂದವು, ಕುದುರೆಗಳ ಹಿಂದೆ ವ್ಯಾಪಾರಿಗಳು ಬಂದರು, ಹಂಪಿಯ ಸುದ್ದಿ ಯುರೋಪಿಗೆ ಹೋಯಿತು.

ಆ ಸುದ್ದಿಗಾರರಲ್ಲಿ ದುವಾರ್ತೆ ಬಾರ್ಬೋಸಾ ಒಬ್ಬ. ಕಣ್ಣೂರಿನ ಪೋರ್ಚುಗೀಸ್ ಕೋಠಿಯಲ್ಲಿ ಬರಹಗಾರನಾಗಿದ್ದವನು. 1516ರ ಸುಮಾರಿಗೆ ಅವನು ಬರೆದು ಮುಗಿಸಿದ ಪುಸ್ತಕದಲ್ಲಿ ವಿಜಯನಗರದ ಬಗ್ಗೆ ಒಂದು ಮಾತಿದೆ. ಅಲ್ಲಿ ಯಾರು ಬೇಕಾದರೂ ಬರಬಹುದು, ಹೋಗಬಹುದು, ತಮ್ಮ ಮತದಂತೆ ತಾವು ಬದುಕಬಹುದು. ನೀನು ಕ್ರೈಸ್ತನೋ, ಯಹೂದಿಯೋ, ಮುಸಲ್ಮಾನನೋ, ಈ ದೇಶದ ಮತದವನೋ ಎಂದು ಕೇಳಿ ಕಾಡುವವರಿಲ್ಲ ಎಂಬುದು ಅದರ ತಾತ್ಪರ್ಯ. ನಮ್ಮ ಇತಿಹಾಸದ ಪುಸ್ತಕಗಳು ವಿಜಯನಗರದ ಹಿರಿಮೆ ಹೇಳಲು ಇದನ್ನು ಬಳಸುತ್ತಲೇ ಬಂದಿವೆ. ಆದರೆ ಆ ಪಟ್ಟಿಯ ಎರಡನೆಯ ಹೆಸರಿನ ಹತ್ತಿರ ಯಾರೂ ನಿಂತು ನೋಡಿದಂತಿಲ್ಲ.

ಬಾರ್ಬೋಸಾನ ಊರಿನಲ್ಲಿ ಆಗ ಯಹೂದಿಯಾಗಿ ಬದುಕಲು ಜಾಗವಿರಲಿಲ್ಲ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿತು. ಅವರಲ್ಲಿ ಬಹಳ ಮಂದಿ ಪಕ್ಕದ ಪೋರ್ಚುಗಲ್ಲಿಗೆ ಓಡಿಬಂದರು. 1497ರಲ್ಲಿ ಪೋರ್ಚುಗಲ್ ಅವರಿಗೆ ಬಲವಂತದ ದೀಕ್ಷಾಸ್ನಾನ ಕೊಟ್ಟು ‘ಹೊಸ ಕ್ರೈಸ್ತರು’ ಎಂದು ಹೆಸರಿಟ್ಟಿತು. 1506ರಲ್ಲಿ ಲಿಸ್ಬನ್ನಿನ ಬೀದಿಗಳಲ್ಲಿ ಆ ಹೊಸ ಕ್ರೈಸ್ತರ ಮಾರಣಹೋಮ ನಡೆಯಿತು. ಅಂಥ ನಾಡಿನಿಂದ ಬಂದವನಿಗೆ, ಯಹೂದಿಯೂ ನೆಮ್ಮದಿಯಾಗಿ ಇರಬಹುದಾದ ಪಟ್ಟಣ ಎಂಬುದೇ ಬರೆದಿಡಬೇಕಾದ ಸಂಗತಿಯಾಗಿ ಕಂಡಿರಬೇಕು.

ಯುರೋಪಿನ ಆ ದ್ವೇಷಕ್ಕೆ ಬಡ್ಡಿ ವ್ಯವಹಾರ, ಹೊಟ್ಟೆಕಿಚ್ಚು, ಅರಸರ ಖಜಾನೆಯ ಲೆಕ್ಕ ಎಲ್ಲ ಕಾರಣಗಳಿದ್ದವು. ಅವೆಲ್ಲಕ್ಕೂ ಮೇಲುಹೊದಿಕೆಯಾಗಿ ಒಂದು ಧರ್ಮಶಾಸ್ತ್ರವೂ ಇತ್ತು. ದೇವರು ಅಬ್ರಹಾಮನ ಸಂತತಿಯೊಡನೆ ಮಾಡಿಕೊಂಡ ಒಡಂಬಡಿಕೆ ಏಸುವನ್ನು ಯಹೂದಿಗಳು ಒಪ್ಪದ ದಿನವೇ ರದ್ದಾಯಿತು, ಅವರ ಜಾಗಕ್ಕೆ ಕ್ರೈಸ್ತ ಸಭೆ ಬಂದು ಕೂತಿತು ಎಂಬ ವಾದ. ಹದಿನೆಂಟು ಶತಮಾನ ಈ ವಾದ ನಡೆಯಿತು. ಇಂದು ಕ್ಯಾಥೊಲಿಕ್ ಸಭೆಯೂ ಅನೇಕ ಪ್ರೊಟೆಸ್ಟೆಂಟ್ ಸಭೆಗಳೂ ಅದನ್ನು ಕೈಬಿಟ್ಟಿವೆ. ಆದರೆ ಆ ಬದಲಾವಣೆ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಪ್ರಾರ್ಥನಾಲಯದ ಕಟ್ಟಕಡೆಯ ಬೆಂಚಿನವರೆಗೂ ತಲುಪಿದೆಯೇ ಎಂದು ಕೇಳಿದರೆ, ಅರ್ಧಂಬರ್ಧ ಎಂದೇ ಹೇಳಬೇಕು.

ಯಹೂದಿಗಳೇ ಇಲ್ಲದ ಊರಿನಲ್ಲಿ ಯಹೂದಿಗಳ ಒಡಂಬಡಿಕೆಯ ಚಿಂತೆ ಯಾಕೆ ಎಂದು ಕೇಳುವವರಿಗೆ ನಮ್ಮ ಭಾಗದ ಕ್ರೈಸ್ತರ ಹೆಸರುಗಳೇ ಉತ್ತರ. ಮೋಶೆ, ದಾವೀದ, ಸಮುವೇಲ, ಸಾರಮ್ಮ, ರಾಹೇಲಮ್ಮ, ಎಸ್ತೇರಮ್ಮ. ಎಲ್ಲವೂ ಯಹೂದಿ ಗ್ರಂಥದ ಹೆಸರುಗಳು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು. ಹಂಪಿಯ ಜಾತ್ರೆಗೆ ಹೋಗಿ ಮಾತಾಡಿದರು, ಪುಸ್ತಕ ಹಂಚಿದರು. ಅದಕ್ಕಿಂತ ದೊಡ್ಡ ಕೆಲಸವೆಂದರೆ ಅವರೂ ಅವರ ಜೊತೆಗಾರ ವಿಲಿಯಂ ರೀವ್ ಅವರೂ ಇಲ್ಲಿನ ಪಂಡಿತರ ನೆರವಿನಿಂದ ಬೈಬಲನ್ನು ಕನ್ನಡಕ್ಕೆ ತಂದದ್ದು. ಈ ರೀವ್ ಅವರೇ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಮಾಡಿದವರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದರ ಮುಕ್ಕಾಲು ಪಾಲು ಯಹೂದಿಗಳ ಪವಿತ್ರ ಗ್ರಂಥ. ಬಳ್ಳಾರಿ ಸೀಮೆಯ ಬಡವರ ಮನೆಗಳಲ್ಲಿ ಸಾವು, ನೋವು, ಬರಗಾಲಗಳಲ್ಲಿ ಓದಿದ್ದು ದಾವೀದನ ಕೀರ್ತನೆಗಳನ್ನೇ. ಅಂದರೆ ಇಲ್ಲಿನ ಕ್ರೈಸ್ತನ ಬಾಯಲ್ಲಿ ಇನ್ನೂರು ವರ್ಷಗಳಿಂದ ಇರುವ ಪ್ರಾರ್ಥನೆ ಯಹೂದಿಗಳದೇ.

ಅದೇ ಕ್ರೈಸ್ತ ಶುಭ ಶುಕ್ರವಾರದಂದು ಯೋಹಾನನ ಸುವಾರ್ತೆಯಿಂದ ಏಸುವಿನ ಪಾಡಿನ ಕಥೆ ಕೇಳುತ್ತಾನೆ. ಅದರಲ್ಲಿ ‘ಯೆಹೂದ್ಯರು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಬಹುಮಟ್ಟಿಗೆ ವೈರಿಗಳ ಪಕ್ಷದಲ್ಲೇ ಬರುತ್ತದೆ. ಏಸುವೂ ಯೆಹೂದ್ಯ, ಆತನ ತಾಯಿಯೂ ಯೆಹೂದ್ಯಳು, ಹನ್ನೆರಡು ಶಿಷ್ಯರೂ ಯೆಹೂದ್ಯರು ಎಂದು ಆ ಹೊತ್ತಿನಲ್ಲಿ ಯಾರೂ ಬಿಡಿಸಿ ಹೇಳದಿದ್ದರೆ ಮುಂದಿನ ಸಾಲಿನಲ್ಲಿ ಕೂತ ಹತ್ತು ವರ್ಷದ ಹುಡುಗ ಏನು ತಿಳಿದುಕೊಂಡು ಮನೆಗೆ ಹೋಗುತ್ತಾನೆ?

ಒಡಂಬಡಿಕೆ ಅಂದರೇನು ಎಂಬುದನ್ನು ಅರ್ಥಮಾಡಿಕೊಳ್ಳಲು ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಹಂಪಿ, ಸಂಡೂರಿನ ಕುಮಾರಸ್ವಾಮಿ ಗುಡ್ಡ, ಕಂಪ್ಲಿಯ ಹಳೆಯ ಗುಡಿಗಳು, ಎಲ್ಲಿ ನೋಡಿದರೂ ದಾನದ ಕಲ್ಲುಗಳು. ಅಂಥ ಕಲ್ಲಿನ ಎದುರು ಒಮ್ಮೆ ಕುಕ್ಕರುಗಾಲಲ್ಲಿ ಕೂತು ನೋಡಿ. ನೆತ್ತಿಯಲ್ಲಿ ಒಂದು ಬದಿಗೆ ಸೂರ್ಯ, ಇನ್ನೊಂದು ಬದಿಗೆ ಚಂದ್ರ. ನಡುವೆ ಲಿಂಗವೋ ಹಸು–ಕರುವೋ. ಕೆಳಗೆ ಸಾಲು ಸಾಲು ಅಕ್ಷರ: ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಗಡಿ ಎಲ್ಲಿಂದ ಎಲ್ಲಿಗೆ. ಕೊಟ್ಟದ್ದು ಆಚಂದ್ರಾರ್ಕ, ಚಂದ್ರ ಸೂರ್ಯರು ಇರುವ ತನಕ. ಕೊನೆಗೆ ಶಾಪ. ತಾನೇ ಕೊಟ್ಟಿರಲಿ, ಬೇರೊಬ್ಬರು ಕೊಟ್ಟಿರಲಿ, ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆಂಬ ಎಚ್ಚರಿಕೆ.

ಬ್ಯಾಬಿಲೋನಿನವರೂ ಇಂಥವೇ ಕಲ್ಲು ನಿಲ್ಲಿಸುತ್ತಿದ್ದರು ಎಂಬುದು ಸೋಜಿಗ. ಕುದುರ್ರು ಎಂದು ಕರೆಯುವ ಆ ಕಲ್ಲುಗಳು ಲಂಡನ್, ಪ್ಯಾರಿಸ್ ಮ್ಯೂಸಿಯಂಗಳಲ್ಲಿವೆ. ಅರಸ ಭೂಮಿ ಕೊಟ್ಟ ವಿವರ, ನೆತ್ತಿಯಲ್ಲಿ ಸೂರ್ಯ, ಚಂದ್ರ, ಒಂದು ನಕ್ಷತ್ರ, ಕೊನೆಗೆ ಕಿತ್ತುಕೊಂಡವನಿಗೆ ಶಾಪ. ನಮ್ಮ ಹಳ್ಳಿಯ ಯಜಮಾನನೊಬ್ಬನನ್ನು ಆ ಮ್ಯೂಸಿಯಂನಲ್ಲಿ ನಿಲ್ಲಿಸಿದರೆ ಅಕ್ಷರ ಬಾರದಿದ್ದರೂ ವಿಷಯ ತಿಳಿದೀತು.

ಇಸ್ರೇಲಿನ ವಿದ್ವಾಂಸ ಮೋಶೆ ವೈನ್‌ಫೆಲ್ಡ್ 1970ರಲ್ಲಿ ಈ ಎಳೆಯನ್ನೇ ಹಿಡಿದು ಒಂದು ಪ್ರಬಂಧ ಬರೆದರು. ಬೈಬಲಿನ ಒಡಂಬಡಿಕೆಗಳಲ್ಲಿ ಎರಡು ಬಗೆ ಕಾಣುತ್ತವೆ ಎಂಬುದು ಅವರ ವಾದ. ಅಬ್ರಹಾಮನಿಗೆ, ದಾವೀದನಿಗೆ ಕೊಟ್ಟ ಮಾತು ಅರಸನ ದಾನಶಾಸನದ ಜಾತಿಯದು. ಕೊಟ್ಟವನೇ ಅದಕ್ಕೆ ಹೊಣೆ. ಸಿನಾಯಿ ಬೆಟ್ಟದಲ್ಲಿ ಮೋಶೆಯ ಮೂಲಕ ಆದದ್ದು ಚಕ್ರವರ್ತಿ ಮತ್ತು ಸಾಮಂತರ ನಡುವಿನ ಕೌಲಿನಂಥದು. ಅಲ್ಲಿ ಸಾಮಂತನೂ ನಡೆದುಕೊಳ್ಳಬೇಕಾದ ಕಟ್ಟಳೆಗಳಿವೆ. ಈ ವಿಂಗಡಣೆ ಇಷ್ಟು ನೀಟಾಗಿಲ್ಲ ಎಂದು ತಕರಾರು ತೆಗೆದವರೂ ಇದ್ದಾರೆ. ಆದರೂ ಮುಖ್ಯ ಪ್ರಶ್ನೆಯನ್ನು ಅದು ಸರಿಯಾಗಿ ಎದುರಿಗಿಡುತ್ತದೆ. ಸಂಡೂರಿನವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ: ದೇವರು ಯಹೂದಿಗಳಿಗೆ ಕೊಟ್ಟದ್ದು ದಾನದ ಕಲ್ಲೋ, ಗಣಿ ಗುತ್ತಿಗೆಯೋ? ಗುತ್ತಿಗೆಗೆ ಅವಧಿಯಿದೆ, ಷರತ್ತಿದೆ. ಷರತ್ತು ಮುರಿದವರ ‘ಸಿ’ ವರ್ಗದ ಗುತ್ತಿಗೆಗಳನ್ನು 2013ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿದ್ದನ್ನು ಇಲ್ಲಿಯವರು ಕಣ್ಣಾರೆ ಕಂಡಿದ್ದಾರೆ.

ಆದಿಕಾಂಡದ 15ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಆ ಕಾಲದ ಪದ್ಧತಿಯಂತೆ ಪ್ರಾಣಿಗಳನ್ನು ಎರಡು ಹೋಳು ಮಾಡಿ ಎದುರುಬದುರಾಗಿ ಇಡುತ್ತಾರೆ. ಮಾತು ಕೊಟ್ಟವರು ಆ ಹೋಳುಗಳ ನಡುವೆ ಹಾದುಹೋಗಬೇಕು. ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ ಎಂಬ ಆಣೆ ಅದು. ಹೊತ್ತು ಮುಳುಗುತ್ತದೆ. ಅಬ್ರಹಾಮನಿಗೆ (ಆಗಿನ್ನೂ ಅವನು ಅಬ್ರಾಮ) ಗಾಢ ನಿದ್ದೆ ಹತ್ತುತ್ತದೆ. ಕತ್ತಲಲ್ಲಿ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಹೋಳುಗಳ ನಡುವೆ ಹಾದುಹೋಗುತ್ತವೆ. ದೇವರೊಬ್ಬನೇ ನಡೆದ. ಅಬ್ರಾಮ ನಡೆಯಲೇ ಇಲ್ಲ, ಅವನು ಮಲಗಿದ್ದ. ಆಣೆ ಇಟ್ಟವನು ಒಬ್ಬನೇ ಆದಾಗ ಎದುರಿನವನ ತಪ್ಪಿನಿಂದ ಅದು ಮುರಿಯುವುದು ಹೇಗೆ?

ಮುಂದೆ ಯೆರೂಸಲೇಮು ಬ್ಯಾಬಿಲೋನಿನವರ ಕೈಗೆ ಬೀಳುವ ದಿನಗಳಲ್ಲಿ ಪ್ರವಾದಿ ಯೆರೆಮೀಯ ‘ಹೊಸ ಒಡಂಬಡಿಕೆ’ಯ ಮಾತೆತ್ತುತ್ತಾನೆ. ಕ್ರೈಸ್ತರು ತಮ್ಮ ಹೊಸ ಒಡಂಬಡಿಕೆಗೆ ಆಧಾರವಾಗಿ ತೋರಿಸುವುದು ಇದನ್ನೇ, 31ನೇ ಅಧ್ಯಾಯವನ್ನು. ಅಲ್ಲಿ ಆ ಹೊಸ ಒಡಂಬಡಿಕೆ ಯಾರ ಜೊತೆ ಆಗುತ್ತದೆ? ಇಸ್ರಾಯೇಲ್ ವಂಶದವರ ಮತ್ತು ಯೆಹೂದ ವಂಶದವರ ಜೊತೆ. ಅದರ ಬೆನ್ನಿಗೇ ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆ ಅಳಿಯುವ ತನಕ ಇಸ್ರಾಯೇಲ್ ಸಂತತಿಯೂ ಅಳಿಯುವುದಿಲ್ಲ ಎಂಬ ಭರವಸೆ. ನಮ್ಮ ಶಾಸನಗಳ ಆಚಂದ್ರಾರ್ಕದ್ದೇ ಭಾಷೆ. ಮೊದಲಿನ ಸಾಲುಗಳನ್ನು ಭಾನುವಾರ ಓದಿ, ಅದರ ಕೆಳಗಿನದ್ದನ್ನು ಹಾರಿಸಿಬಿಡುವ ಚಾಳಿ ಕ್ರೈಸ್ತ ಬೋಧಕರಲ್ಲಿ ಬಹಳ ಹಳೆಯದು.

ಆ ಚಾಳಿ ಎರಡನೇ ಶತಮಾನದಲ್ಲಿ ಶುರುವಾಯಿತು. ಮಾರ್ಸಿಯನ್ ಎಂಬವನು ಹಳೆ ಒಡಂಬಡಿಕೆಯ ದೇವರೇ ಬೇರೆ, ಏಸುವಿನ ತಂದೆಯೇ ಬೇರೆ ಎಂದ. ಸಭೆ ಅವನನ್ನು 144ರ ಸುಮಾರಿಗೆ ಹೊರಹಾಕಿತು. ಯಹೂದಿ ಗ್ರಂಥವನ್ನು ಉಳಿಸಿಕೊಂಡಿತು, ಆದರೆ ಗ್ರಂಥದ ವಾರಸುದಾರರನ್ನು ದೂರ ಮಾಡಿತು. ಹುತಾತ್ಮ ಜಸ್ಟಿನ್ ನಾವೇ ನಿಜವಾದ ಇಸ್ರಾಯೇಲ್ ಎಂದು ವಾದಿಸಿದ. ಸಾರ್ದಿಸ್‌ನ ಮೆಲಿಟೊ ದೇವರನ್ನೇ ಕೊಂದ ಪಾಪವನ್ನು ಇಡೀ ಜನಾಂಗದ ತಲೆಗೆ ಕಟ್ಟಿದ. ಕ್ರಿಸೊಸ್ತೊಮ್ 386–387ರಲ್ಲಿ ಅಂತಿಯೋಕ್ಯದಲ್ಲಿ ಮಾಡಿದ ಉಪದೇಶಗಳನ್ನು ಇಂದು ಓದಲು ನಾಚಿಕೆಯಾಗುತ್ತದೆ. ಅಗಸ್ಟಿನ್ ಸ್ವಲ್ಪ ಮೆತ್ತಗಾದ: ಯಹೂದಿಗಳನ್ನು ಕೊಲ್ಲಬೇಡಿ, ಅವರು ನಮ್ಮ ಗ್ರಂಥಕ್ಕೆ ಸಾಕ್ಷಿಗಳು ಎಂದ. ಬದುಕಲು ಬಿಟ್ಟದ್ದೇ ಉಪಕಾರ ಎಂಬ ಧಾಟಿ. ಸಾವಿರ ವರ್ಷ ಕಳೆದ ಮೇಲೆ 1543ರಲ್ಲಿ ಮಾರ್ಟಿನ್ ಲೂಥರ್ ಯಹೂದಿಗಳ ಬಗ್ಗೆ ಬರೆದ ಪುಸ್ತಕ ಅಗಸ್ಟಿನನಷ್ಟು ದಯೆಯನ್ನೂ ತೋರಲಿಲ್ಲ. ನಾಲ್ಕು ಶತಮಾನದ ನಂತರ ನಾಜಿಗಳಿಗೆ ಅದು ಕೈಗೆಟುಕುವ ಸರಕಾಯಿತು.

ಇದೆಲ್ಲ ದೂರದ ಕಥೆ ಎನ್ನುವ ಹಾಗಿಲ್ಲ. ಹೊಸಪೇಟೆಯಲ್ಲಿ ರೈಲು ಹತ್ತಿದರೆ ಸಿಗುವ ಗೋವೆಯಲ್ಲೇ ಇದರ ಒಂದು ಅಧ್ಯಾಯ ನಡೆಯಿತು. ಗಾರ್ಸಿಯಾ ದ ಓರ್ತಾ ಎಂಬ ವೈದ್ಯ 1534ರಲ್ಲಿ ಭಾರತಕ್ಕೆ ಬಂದ. ಅವನ ತಂದೆತಾಯಿ ಸ್ಪೇನಿನಿಂದ ಓಡಿಬಂದು, ಪೋರ್ಚುಗಲ್ಲಿನಲ್ಲಿ ಬಲವಂತಕ್ಕೆ ಕ್ರೈಸ್ತರಾದ ಯಹೂದಿಗಳು. ಅಹಮದ್‌ನಗರದ ನಿಜಾಮ್ ಷಾನ ವೈದ್ಯನಾಗಿ, ಇಲ್ಲಿನ ಹಕೀಮರು, ವೈದ್ಯರ ಜೊತೆ ಕೂತು, ಭಾರತದ ಗಿಡಮೂಲಿಕೆಗಳ ಬಗ್ಗೆ ಪುಸ್ತಕ ಬರೆದು 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ. ವಿಜಯನಗರದ ವಜ್ರಗಳ ಮಾತೂ ಆ ಪುಸ್ತಕದಲ್ಲಿದೆ. ಅಷ್ಟರಲ್ಲಿ, 1560ರಲ್ಲಿ, ಗೋವೆಯಲ್ಲಿ ಮತಭ್ರಷ್ಟರ ವಿಚಾರಣೆಯ ಇನ್‌ಕ್ವಿಸಿಶನ್ ನ್ಯಾಯಪೀಠ ಕೂತಿತ್ತು. ಅದು ಬೇಕೆಂದು 1546ರಲ್ಲೇ ಪೋರ್ಚುಗಲ್ ಅರಸನಿಗೆ ಪತ್ರ ಬರೆದವರು ಸಂತ ಫ್ರಾನ್ಸಿಸ್ ಜೇವಿಯರ್. ಅವರ ಪಾರ್ಥಿವ ಶರೀರದ ದರ್ಶನಕ್ಕೆ ನಮ್ಮ ಭಾಗದಿಂದ ಭಕ್ತರು ಹೋಗುತ್ತಾರೆ. ಹೋಗಲಿ, ಆದರೆ ಈ ಪತ್ರದ ಸಂಗತಿಯನ್ನೂ ತಿಳಿದು ಹೋಗಲಿ.

ಓರ್ತಾ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕತಾರಿನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದ ಆರೋಪದ ಮೇಲೆ ಗೋವೆಯಲ್ಲಿ ಜೀವಂತ ಸುಟ್ಟರು. ಸತ್ತ ಅಣ್ಣನನ್ನೂ ಬಿಡಲಿಲ್ಲ. 1580ರಲ್ಲಿ ಅವನ ಗೋರಿ ಅಗೆದು ಮೂಳೆಗಳನ್ನು ಹೊರತೆಗೆದು ಸುಟ್ಟರು. ದೇವರು ಒಡಂಬಡಿಕೆ ರದ್ದು ಮಾಡಿದ್ದಾನೆ ಎಂಬ ನಂಬಿಕೆ ಕೈಯಲ್ಲಿ ಅಧಿಕಾರ ಇದ್ದವರಿಂದ ಏನೇನು ಮಾಡಿಸುತ್ತದೆ ಎಂಬುದಕ್ಕೆ ನಮಗೆ ಇಷ್ಟು ಹತ್ತಿರದ ಸಾಕ್ಷಿ ಇನ್ನೊಂದಿಲ್ಲ.

ಕ್ರೈಸ್ತರ ಗ್ರಂಥದೊಳಗೇ ಇದಕ್ಕೆ ಮದ್ದಿತ್ತು. ಸಂತ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 9, 10, 11ನೇ ಅಧ್ಯಾಯಗಳಲ್ಲಿ. ಪತ್ರದ ಹಿನ್ನೆಲೆ ಗೊತ್ತಾದರೆ ಅದರ ಬಿಸಿ ತಟ್ಟುತ್ತದೆ. 49ರ ಸುಮಾರಿಗೆ ಕ್ಲೌದಿಯ ಚಕ್ರವರ್ತಿ ರೋಮಿನ ಯಹೂದಿಗಳನ್ನು ಊರು ಬಿಡಿಸಿದ. ಅವರಲ್ಲಿ ಏಸುವನ್ನು ನಂಬಿದ ಯಹೂದಿಗಳೂ ಇದ್ದರು. ಅವನು ಸತ್ತ ಮೇಲೆ ಮರಳಿ ಬಂದವರಿಗೆ, ತಾವೇ ಕಟ್ಟಿದ ಕ್ರೈಸ್ತ ಕೂಟಗಳಲ್ಲಿ ಅನ್ಯಜನರು ಯಜಮಾನರಾಗಿ ಕೂತಿದ್ದು ಕಂಡಿತು. ದೇವರು ಯಹೂದಿಗಳನ್ನು ಕೈಬಿಟ್ಟ ಎಂಬ ಪಿಸುಮಾತೂ ಹರಡಿತ್ತು ಎಂದು ಪಂಡಿತರು ಊಹಿಸುತ್ತಾರೆ. 57ರ ಸುಮಾರಿಗೆ ಕೊರಿಂಥದಲ್ಲಿ ಕೂತು ಪೌಲ ಬರೆದದ್ದು ಆ ಯಜಮಾನಿಕೆಯ ಸೊಕ್ಕಿಗೆ ಉತ್ತರ.

ಅವನು ಹೇಳುವುದು ಆಲಿವ್ ಮರದ ಮಾತು. ಮರ ಇಸ್ರಾಯೇಲ್, ಬೇರು ಅಬ್ರಹಾಮನಿಗೆ ದೊರೆತ ಮಾತು. ಕೆಲವು ಕೊಂಬೆಗಳು ಮುರಿದಿವೆ ನಿಜ. ಅಲ್ಲಿಗೆ ಕಾಡು ಆಲಿವ್‌ನ ಕಡ್ಡಿ ತಂದು ಕಸಿ ಕಟ್ಟಲಾಗಿದೆ. ಆ ಕಾಡುಕಡ್ಡಿಯೇ ಅನ್ಯಜನರಿಂದ ಬಂದ ಕ್ರೈಸ್ತರು. ಕಸಿ ಬಲ್ಲ ನಮ್ಮ ತೋಟಗಾರರು ಇಲ್ಲಿ ತಕ್ಷಣ ಹುಬ್ಬೇರಿಸುತ್ತಾರೆ. ಕಸಿ ಕಟ್ಟುವುದು ಹೀಗಲ್ಲ. ನಾಟಿ ಮಾವಿನ ಗಟ್ಟಿ ಬೇರಿನ ಸಸಿ ತೆಗೆದುಕೊಂಡು ಅದಕ್ಕೆ ಆಪೂಸಿನದೋ ಮಲ್ಲಿಕಾದ್ದೋ ಒಳ್ಳೆ ಕಡ್ಡಿ ಕೂರಿಸುತ್ತಾರೆ. ಒಳ್ಳೆ ಮರಕ್ಕೆ ಕಾಡುಕಡ್ಡಿ ಕಟ್ಟಿ ಯಾರು ಕೆಲಸ ಕೆಡಿಸಿಕೊಳ್ಳುತ್ತಾರೆ? ಪೌಲನಿಗೂ ಇದು ಗೊತ್ತಿತ್ತು. ಇದು ಪ್ರಕೃತಿಗೆ ವಿರುದ್ಧವಾದದ್ದು ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಅವನ ಮಾತಿನ ಮೊನೆ ಇರುವುದೂ ಅಲ್ಲೇ. ಕಾಡುಕಡ್ಡಿಗೆ ಅಲ್ಲಿ ಜಾಗ ಸಿಕ್ಕಿದ್ದು ಅದರ ಗುಣದಿಂದಲ್ಲ, ತೋಟದವನ ದಯೆಯಿಂದ. ಹಾಗಾಗಿ ಮುರಿದ ಕೊಂಬೆಗಳನ್ನು ನೋಡಿ ಹೆಚ್ಚಿಕೊಳ್ಳಬೇಡ, ಬೇರು ನಿನ್ನನ್ನು ಹೊತ್ತಿದೆಯೇ ಹೊರತು ನೀನು ಬೇರನ್ನು ಹೊತ್ತಿಲ್ಲ ಎಂದು ಎಚ್ಚರಿಸುತ್ತಾನೆ. ಮುರಿದದ್ದನ್ನು ಮತ್ತೆ ಅದರ ಸ್ವಂತ ಮರಕ್ಕೆ ಕೂಡಿಸುವುದು ದೇವರಿಗೆ ಕಷ್ಟವೇನಲ್ಲ. ದೇವರು ಕೊಟ್ಟ ವರಗಳನ್ನೂ ಕರೆಯನ್ನೂ ಹಿಂತೆಗೆದುಕೊಳ್ಳುವುದಿಲ್ಲ ಎಂಬುದು ಅವನ ಕೊನೆಯ ತೀರ್ಪು.

ಇಬ್ರಿಯರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಬೇರೆ ಧಾಟಿಯಲ್ಲಿದೆ. ಮೊದಲಿನ ಒಡಂಬಡಿಕೆ ಹಳತಾಯಿತು, ಮರೆಯಾಗಲಿದೆ ಎನ್ನುತ್ತದೆ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಅಲ್ಲಿ ಚರ್ಚೆ ನಡೆಯುವುದು ಮುಖ್ಯವಾಗಿ ದೇವಾಲಯದ ಬಲಿ ಮತ್ತು ಯಾಜಕತ್ವದ ಬಗ್ಗೆ, ಜನಾಂಗದ ಆಯ್ಕೆಯ ಬಗ್ಗೆ ಅಲ್ಲ ಎನ್ನುವವರಿದ್ದಾರೆ. ಆ ವಿವರಣೆಯಿಂದ ಎಲ್ಲ ತೊಡಕೂ ಬಿಡುವುದಿಲ್ಲ. ಆದರೆ ಒಂದು ಜನಾಂಗದ ಭವಿಷ್ಯವನ್ನೇ ಎದುರಿಗಿಟ್ಟುಕೊಂಡು ಮೂರು ಅಧ್ಯಾಯ ಬರೆದವನು ಪೌಲ. ಅವನ ಮಾತಿಗೆ ಹೆಚ್ಚು ತೂಕ ಕೊಡುವುದು ನ್ಯಾಯ.

ಸಭೆಗೆ ಆ ಅಧ್ಯಾಯಗಳು ಕಾಣಲು ಅರವತ್ತು ಲಕ್ಷ ಯಹೂದಿಗಳ ಕೊಲೆಯಾಗಬೇಕಾಯಿತು. ಫ್ರಾನ್ಸಿನ ಇತಿಹಾಸಕಾರ ಜೂಲ್ ಇಸಾಕ್ ಅವರ ಹೆಂಡತಿ, ಮಗಳು ನಾಜಿಗಳ ಕೈಗೆ ಸಿಕ್ಕಿ ಸತ್ತರು. ಕ್ರೈಸ್ತರು ಶತಮಾನಗಳಿಂದ ಕಲಿಸಿದ ತಿರಸ್ಕಾರವೇ ಇದಕ್ಕೆ ನೆಲ ಹದ ಮಾಡಿತು ಎಂದು ಅವರು ದಾಖಲೆ ಸಮೇತ ಬರೆದರು. 1960ರ ಜೂನ್ 13ರಂದು, ತಮ್ಮ ಎಂಬತ್ತೆರಡನೇ ವಯಸ್ಸಿನಲ್ಲಿ, ಪೋಪ್ ಇಪ್ಪತ್ತಮೂರನೇ ಜಾನ್ ಅವರನ್ನು ಕಂಡು ಅದನ್ನು ಒಪ್ಪಿಸಿದರು. ಐದು ವರ್ಷಗಳ ನಂತರ, 1965ರ ಅಕ್ಟೋಬರ್ 28ರಂದು, ಎರಡನೇ ವ್ಯಾಟಿಕನ್ ಮಹಾಸಭೆ ‘ನೋಸ್ತ್ರಾ ಏತಾತೆ’ ಎಂಬ ಘೋಷಣೆಯನ್ನು ಹೊರಡಿಸಿತು. ಪರವಾಗಿ 2,221 ಮತ, ವಿರೋಧವಾಗಿ 88. ಏಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನ ಯಹೂದಿಗಳ ಮೇಲಾಗಲಿ ಹೊರಿಸುವಂತಿಲ್ಲ, ಅವರನ್ನು ದೇವರು ತಿರಸ್ಕರಿಸಿದ ಜನ ಎನ್ನುವಂತಿಲ್ಲ ಎಂದು ಅದು ಹೇಳಿತು. ಪೋಪ್ ಎರಡನೇ ಜಾನ್ ಪಾಲ್ 1980ರಲ್ಲಿ ಜರ್ಮನಿಯ ಮೈನ್ಸ್ ನಗರದಲ್ಲಿ ಯಹೂದಿ ಮುಖಂಡರ ಎದುರು, ದೇವರು ಎಂದೂ ರದ್ದು ಮಾಡದ ಹಳೆಯ ಒಡಂಬಡಿಕೆಯ ಜನ ಎಂದು ಅವರನ್ನು ಕರೆದರು. ಅದೇ ವರ್ಷ ಜರ್ಮನಿಯ ರೈನ್‌ಲ್ಯಾಂಡ್ ಪ್ರೊಟೆಸ್ಟೆಂಟ್ ಸಭೆಯೂ ಇದೇ ಅರ್ಥದ ನಿರ್ಣಯ ಮಾಡಿತು. ಯಹೂದಿಗಳನ್ನು ಮತಾಂತರಿಸಲೆಂದೇ ಸಂಸ್ಥೆ ಕಟ್ಟಿ ಕೆಲಸ ಮಾಡುವುದನ್ನು ಕ್ಯಾಥೊಲಿಕ್ ಸಭೆ ನಡೆಸುವುದಿಲ್ಲ, ಬೆಂಬಲಿಸುವುದೂ ಇಲ್ಲ ಎಂದು 2015ರ ವ್ಯಾಟಿಕನ್ ದಾಖಲೆ ಹೇಳಿತು.

ಯಹೂದಿಗಳ ಒಡಂಬಡಿಕೆ ಊರ್ಜಿತವಾಗಿದ್ದರೆ ಏಸು ಎಲ್ಲರ ರಕ್ಷಕ ಎಂಬ ಮಾತಿನ ಗತಿಯೇನು? ಎರಡೂ ನಿಜ, ಹೊಂದುವುದು ಹೇಗೆಂಬುದು ದೇವರ ಗುಟ್ಟು ಎಂದು ಆ ದಾಖಲೆ ಸುಮ್ಮನಾಗುತ್ತದೆ. ತರ್ಕದವರಿಗೆ ಇದು ಸಾಲದು. ನನಗೆ ಇದು ಸರಿ ಕಾಣುತ್ತದೆ. ಗುಟ್ಟು ಗೊತ್ತಿದೆ ಎಂದು ಹೊರಟವರು ಗೋವೆಯಲ್ಲಿ ಮೂಳೆ ಸುಟ್ಟಿದ್ದನ್ನು ನೋಡಿಯಾಗಿದೆ. ಅಂದಹಾಗೆ, ತಮ್ಮ ಒಡಂಬಡಿಕೆ ಇನ್ನೂ ಇದೆ ಎಂಬುದಕ್ಕೆ ಯಹೂದಿಗಳು ಕ್ರೈಸ್ತರ ಪ್ರಮಾಣಪತ್ರಕ್ಕೆ ಯಾವತ್ತೂ ಕಾದು ಕೂತವರಲ್ಲ.

ಕನ್ನಡ ನಾಡಿನ ನೆಲದಲ್ಲೇ ಆ ಒಡಂಬಡಿಕೆಯೊಳಗೆ ಬಂದ ಒಬ್ಬ ಹೆಣ್ಣುಮಗಳ ಹೆಸರು ಉಳಿದಿದೆ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ, 1132ರ ಅಕ್ಟೋಬರ್ 17ರದ್ದು, ಕೈರೋದ ಹಳೆಯ ಯಹೂದಿ ಮಂದಿರದ ಕಾಗದಗಳ ರಾಶಿಯಲ್ಲಿ ಸಿಕ್ಕಿತು. ಅವಳಿಗೆ ಬೆರಾಖಾ ಎಂಬ ಹೊಸ ಹೆಸರಾಯಿತು. ಆಶೀರ್ವಾದ ಎಂದು ಅರ್ಥ.

ಇಂದು ಹಂಪಿಯಲ್ಲಿ ಯಹೂದಿಗಳನ್ನು ಕಾಣಲು ಹಳೆಯ ಕಾಗದ ಬೇಕಿಲ್ಲ. ಹದಿನೆಂಟಕ್ಕೆ ಸೈನ್ಯ ಸೇರಿ, ಕಡ್ಡಾಯ ಸೇವೆ ಮುಗಿಸಿ, ಬೆನ್ನಿಗೆ ಚೀಲ ಹಾಕಿಕೊಂಡು ಬರುವ ಇಸ್ರೇಲಿ ಹುಡುಗ ಹುಡುಗಿಯರಿಗೆ ಗೋವೆ, ಗೋಕರ್ಣ, ಹಂಪಿ ಒಂದೇ ದಾರಿಯ ಊರುಗಳು. ನದಿಯಾಚೆ ವಿರುಪಾಪುರಗಡ್ಡೆಯಲ್ಲಿ ಹೀಬ್ರೂ ಅಕ್ಷರದ ಬೋರ್ಡು, ಮೆನುವಿನಲ್ಲಿ ಹುಮ್ಮುಸ್, ಫಲಾಫೆಲ್, ಶಕ್ಷೂಕ ಎಲ್ಲ ಇದ್ದವು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಪ್ರವಾಸಿಗರು ಸಣಾಪುರ, ಆನೆಗೊಂದಿಯ ಕಡೆ ಸರಿದರು. ಆಮ್ಲೆಟ್ಟಿನ ಬದಲು ಶಕ್ಷೂಕ ಮಾಡಲು ಕಲಿತ ನಮ್ಮ ಹುಡುಗರಿಗೆ ಇವರು ಗಿರಾಕಿಗಳು ಅಷ್ಟೆ. ಆದರೆ ಬೈಬಲ್ ಓದುವ ಹೊಸಪೇಟೆಯವರಿಗೆ ‘ಇಸ್ರೇಲಿನವರು’ ಎಂದ ಕೂಡಲೇ ಮೈ ಜುಮ್ಮೆನ್ನುತ್ತದೆ. ಎದುರಿಗಿರುವವನು ಅಬ್ರಹಾಮನ ವಂಶದವನು! ಅವನೋ ದೇವರನ್ನೇ ನಂಬದವನಾಗಿರಬಹುದು, ಬಂಡೆ ಹತ್ತಲು ಬಂದಿರಬಹುದು.

ಈ ರೋಮಾಂಚನದಲ್ಲಿ ಇನ್ನೊಂದು ತಪ್ಪಿಗೆ ದಾರಿಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಕಟ್ಟಿದ, 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳ ಮೂಲಕ ಹರಡಿದ ಒಂದು ಪಂಥ, ಯಹೂದಿಗಳ ಒಡಂಬಡಿಕೆಯನ್ನು ಕಡೆಯ ಕಾಲದ ವೇಳಾಪಟ್ಟಿ ಮಾಡಿಬಿಟ್ಟಿತು. ಯೂಟ್ಯೂಬಿನ ಕನ್ನಡ, ತೆಲುಗು ಬೋಧನೆಗಳಲ್ಲಿ ಅದರದ್ದೇ ಅಬ್ಬರ. ಇಸ್ರೇಲ್ ಸರ್ಕಾರ ಮಾಡಿದ್ದೆಲ್ಲವೂ ಪ್ರವಾದನೆಯ ನೆರವೇರಿಕೆ, ಪ್ರಶ್ನಿಸಿದವನು ದೇವರ ವೈರಿ. ಗ್ರಂಥ ಹೇಳುವುದು ಹಾಗಲ್ಲ. ಲೋಕದ ಕುಲಗಳಲ್ಲಿ ನಿಮ್ಮನ್ನೇ ನನ್ನವರೆಂದುಕೊಂಡೆ, ಆದ್ದರಿಂದಲೇ ನಿಮ್ಮ ಅನ್ಯಾಯಗಳಿಗೆ ನಿಮ್ಮನ್ನೇ ದಂಡಿಸುತ್ತೇನೆ ಎಂಬುದು ಪ್ರವಾದಿ ಆಮೋಸನ ಮೂಲಕ ದೇವರು ಆಡಿದ ಮಾತಿನ ಭಾವ. ಬೆತ್ಲೆಹೇಮಿನಲ್ಲಿ ಇಂದಿಗೂ ಅರಬ್ಬಿ ಮಾತಾಡುವ ಪ್ಯಾಲೆಸ್ಟೀನಿ ಕ್ರೈಸ್ತರಿದ್ದಾರೆ. ಅವರ ನೋವನ್ನು ಕೇಳದೆ ಒಡಂಬಡಿಕೆಯ ವ್ಯಾಖ್ಯಾನ ಮಾಡುವುದು ಹೊಣೆಗೇಡಿತನ. ಹಿಂದೆ ಯಹೂದಿಯನ್ನು ತುಳಿಯಲು ಬಳಸಿದ ಗ್ರಂಥವನ್ನೇ ಈಗ ಇನ್ನೊಬ್ಬನನ್ನು ತುಳಿಯಲು ಬಳಸಿದರೆ ಏನು ಕಲಿತಂತಾಯಿತು?

ಕೊಟ್ಟ ಮಾತಿನ ಬೆಲೆ ಏನೆಂದು ಈ ಸೀಮೆಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಿಲ್ಲ. ಸಗರದ ಸುಬೇದಾರ ಬಹಾವುದ್ದೀನ್ ಗುರ್ಶಾಸ್ಪ್ ದೆಹಲಿಯ ಮಹಮ್ಮದ್ ಬಿನ್ ತುಘಲಕ್ ವಿರುದ್ಧ ದಂಗೆಯೆದ್ದು, ಸೋತು, ಈ ಸೀಮೆಯ ಅರಸ ಕಂಪಿಲರಾಯನ ಬಳಿ ಮರೆಹೊಕ್ಕ. ಮತ ಬೇರೆ, ಭಾಷೆ ಬೇರೆ, ಕಾಪಾಡಿದರೆ ರಾಜ್ಯ ಹೋಗುವುದು ಖಚಿತ. ರಾಯ ಅವನನ್ನು ಒಪ್ಪಿಸಲಿಲ್ಲ. ಸೋಲು ಕಣ್ಣೆದುರು ಬಂದಾಗ ಅವನನ್ನು ಸುರಕ್ಷಿತವಾಗಿ ಹೊರಗೆ ಕಳಿಸಿ, ಅಂತಃಪುರ ಬೆಂಕಿಗೆ ಬಿದ್ದ ಮೇಲೆ ತಾನು ಕೋಟೆಯ ಬಾಗಿಲು ತೆಗೆದು ಹೋರಾಡಿ ಸತ್ತ. 1327ರ ಸುಮಾರಿನ ಈ ಕಥೆಯನ್ನು ಇಬ್ನ್ ಬತೂತ ಬರೆದಿಟ್ಟಿದ್ದಾನೆ. ನಲವತ್ತು ವರ್ಷಗಳ ನಂತರ, 1368ರಲ್ಲಿ, ಆನೆಗೊಂದಿ ಮೊದಲಾದ ಕಡೆಯ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಿಗೆ ಅರಿಕೆ ಮಾಡಿಕೊಂಡರು. ರಾಯ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲ, ಜೈನರಿಗಾಗುವ ಹಾನಿ ವೃದ್ಧಿ ತಮ್ಮದೇ ಎಂದು ವೈಷ್ಣವರು ನಡೆದುಕೊಳ್ಳಬೇಕು ಎಂದು ಚಂದ್ರ ಸೂರ್ಯರಿರುವ ತನಕದ ಶಾಸನ ಹಾಕಿಸಿದ. ಶ್ರವಣಬೆಳಗೊಳದಲ್ಲಿ ಅದು ಇಂದಿಗೂ ಇದೆ.

ಮರೆಹೊಕ್ಕವನಿಗಾಗಿ ರಾಜ್ಯ ಕಳೆದುಕೊಂಡ ಕಂಪಿಲರಾಯನನ್ನು, ಅವನ ಮಗ ಕುಮಾರರಾಮನನ್ನು ಏಳುನೂರು ವರ್ಷಗಳಿಂದ ಹಾಡಿ ಹೊಗಳುತ್ತಿದ್ದೇವೆ. ಅಂಥ ಸೀಮೆಯಲ್ಲಿ ಹುಟ್ಟಿದ ಕ್ರೈಸ್ತ, ತಾನು ಆರಾಧಿಸುವ ದೇವರು ಮಾತ್ರ ಅಬ್ರಹಾಮನಿಗೆ ಕೊಟ್ಟ ಭಾಷೆಗೆ ತಪ್ಪಿದ ಎಂದು ನಂಬುವುದು ಹೇಗೆ? ಯಹೂದಿಗಳಿಗೆ ಕೊಟ್ಟದ್ದನ್ನು ಕಿತ್ತುಕೊಂಡ ದೇವರು ನಾಳೆ ಹೊಸಪೇಟೆಯವರಿಗೆ ಕೊಟ್ಟದ್ದನ್ನೂ ಕಿತ್ತುಕೊಳ್ಳಬಲ್ಲ. ಊರಾಚೆ ಇರಿಸಲ್ಪಟ್ಟವರ ನಡುವಿನಿಂದ ಬಂದು, ಒಡಂಬಡಿಕೆಗೆ ಹೊರಗಿನವರಾಗಿದ್ದವರನ್ನು ದೇವರು ಒಳಗೆ ಕರೆದುಕೊಂಡ ಎಂಬ ಮಾತಿಗೇ ಆತುಕೊಂಡು ನಿಂತವರು ಇಲ್ಲಿನ ಕ್ರೈಸ್ತರು. ಇನ್ನೊಬ್ಬರನ್ನು ಹೊರಗಟ್ಟುವ ಬೋಧನೆ ಅವರ ಬಾಯಲ್ಲಿ ಎಲ್ಲರಿಗಿಂತ ಕಡಿಮೆ ಒಪ್ಪುತ್ತದೆ.

ನಮ್ಮ ಭಾಗದ ಗುರುಗಳು, ಪಾಸ್ಟರುಗಳು, ಸಂಡೇ ಸ್ಕೂಲಿನ ಅಕ್ಕಂದಿರಲ್ಲಿ ಒಂದು ಬಿನ್ನಹ. ಈ ಸಲದ ಶುಭ ಶುಕ್ರವಾರಕ್ಕೆ ಮುಂಚಿನ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ರೋಮಾಪುರದವರಿಗೆ ಬರೆದ ಪತ್ರಿಕೆಯ 9ರಿಂದ 11ರವರೆಗಿನ ಅಧ್ಯಾಯಗಳನ್ನು ಜೋರಾಗಿ ಓದಿಸಿ. ಶುಕ್ರವಾರದ ಪಾಡಿನ ಕಥೆ ಶುರು ಮಾಡುವ ಮೊದಲು, ಏಸು ಯೆಹೂದ್ಯನಾಗಿ ಹುಟ್ಟಿ ಯೆಹೂದ್ಯನಾಗಿಯೇ ಸತ್ತ ಎಂದು ಒಂದು ಮಾತು ಹೇಳಿ. ಇವೆರಡಕ್ಕೂ ಸೇರಿ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ.